ಕೆರೆ ಕಟ್ಟಿದವರು, ಬೆಲೆ ಕಟ್ಟಿದವರು

(ಆಕಾಶವಾಣಿ ಭಾಷಣದ ಬರಹರೂಪ)

ನಮ್ಮ ಭಾಷೆಯಲ್ಲಿ ‘ಕಟ್ಟು’ ಎಂಬ ಧಾತುವಿಗಿರುವಷ್ಟು ವ್ಯಾಪ್ತಿ ಬೇರೆ ಧಾತುಗಳಿಗೆ ಕಡಿಮೆ. ಮನೆ ಕಟ್ಟುತ್ತೇವೆ, ಮಾಲೆ ಕಟ್ಟುತ್ತೇವೆ, ಕತೆ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ. ಕೆರೆಯನ್ನೂ ಕಟ್ಟುತ್ತೇವೆ, ಬೆಲೆಯನ್ನೂ ಕಟ್ಟುತ್ತೇವೆ. ಕೊನೆಯ ಎರಡು ಪ್ರಯೋಗಗಳು ಒಂದೇ ಧಾತುವಿನಿಂದ ಹುಟ್ಟಿದ್ದು ಆಕಸ್ಮಿಕವೇ ಇರಬಹುದು. ಆದರೂ ಈ ಎರಡು ‘ಕಟ್ಟು’ಗಳ ನಡುವಿನ ಸಂಬಂಧವನ್ನು ಕುರಿತು ನಾಲ್ಕು ಮಾತು ಆಡಬೇಕೆಂಬುದೇ ಇಂದಿನ ನನ್ನ ಭಾಷಣದ ಉದ್ದೇಶ. ಕೆರೆ ಕಟ್ಟಿದ ಜನ ಅದಕ್ಕೆ ಎಂಥ ಬೆಲೆ ಕಟ್ಟಿದ್ದರು? ಆ ಬೆಲೆ ಯಾವಾಗ ಇಳಿಯಿತು? ಇಳಿಸಿದವರು ಯಾರು?

ಈಚೆಗೆ ವಿದ್ವಾಂಸರ ಬರಹಗಳಲ್ಲಿ ‘ಪರಿಸರ ಸೇವೆ’ ಎಂಬ ಮಾತು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಕಾಡು, ಕೆರೆ, ಹುಲ್ಲುಗಾವಲು, ಜೌಗುನೆಲ ಇವೆಲ್ಲ ಮನುಷ್ಯನಿಗೆ ಸದ್ದಿಲ್ಲದೆ ಸಲ್ಲಿಸುವ ಉಪಕಾರಗಳನ್ನು ಲೆಕ್ಕಕ್ಕೆ ತರುವ ಪ್ರಯತ್ನ ಅದು. 1997ರಲ್ಲಿ ಕೆಲವು ವಿಜ್ಞಾನಿಗಳು ಸೇರಿ ಇಡೀ ಭೂಮಂಡಲದ ಇಂತಹ ಸೇವೆಗಳ ಬೆಲೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರು ಆದೀತೆಂದು ಅಂದಾಜು ಮಾಡಿದರು. 2005ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಈ ಸೇವೆಗಳನ್ನು ನಾಲ್ಕಾಗಿ ವಿಂಗಡಿಸಿತು: ಅನ್ನ ನೀರುಗಳನ್ನು ಒದಗಿಸುವವು, ನೆರೆ ಬರಗಳನ್ನು ಹದ್ದಿನಲ್ಲಿಡುವವು, ಮನಸ್ಸಿಗೆ ಮತ್ತು ಸಂಸ್ಕೃತಿಗೆ ಬೇಕಾದವು, ಇವೆಲ್ಲಕ್ಕೂ ಅಡಿಪಾಯವಾಗಿ ನಿಂತವು. ವಿಂಗಡಣೆ ಒಪ್ಪತಕ್ಕದ್ದೇ. ಆದರೆ ಶಾಸನಗಳ ಓದಿನಲ್ಲಿ ಆಯುಷ್ಯದ ಬಹುಭಾಗ ಕಳೆದ ನನ್ನಂಥವನಿಗೆ ಇದನ್ನು ಓದಿದಾಗ, ಹಳೆಯ ಪರಿಚಿತರೊಬ್ಬರು ಹೊಸ ಪೋಷಾಕಿನಲ್ಲಿ ಎದುರಾದಂತೆ ತೋರಿತು. ಈ ಲೆಕ್ಕವನ್ನು ನಮ್ಮ ಜನ ಬೇರೊಂದು ಬಗೆಯಲ್ಲಿ ಬರೆದಿಟ್ಟಿದ್ದರು. ಅವರು ಬರೆದದ್ದು ಕಲ್ಲಿನ ಮೇಲೆ.

ಮೊದಲು ನೆಲದ ಮಾತು. ಹಳೆಯ ಮೈಸೂರಿನ ಪೂರ್ವಭಾಗ, ಅಂದರೆ ಕೋಲಾರ, ಬೆಂಗಳೂರು, ತುಮಕೂರುಗಳ ಸೀಮೆ, ವರ್ಷವೆಲ್ಲ ಹರಿಯುವ ಹೊಳೆಗಳಿಲ್ಲದ ನಾಡು. ಮಳೆ ಬರುವುದು ಕೆಲವೇ ತಿಂಗಳು. ಬಂದದ್ದು ಇಳಿಜಾರು ನೆಲದಲ್ಲಿ ನಿಲ್ಲದೆ ಓಡುವುದು. ಓಡುವ ಈ ನೀರನ್ನು ನಿಲ್ಲಿಸಿಕೊಂಡರೆ ಮಾತ್ರ ಬದುಕು. ಹೀಗಾಗಿ ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ ಹೀಗೆ ಸರಪಣಿ ಹೆಣೆದಂತೆ ಈ ನಾಡನ್ನು ಕಟ್ಟಿದರು. ಇಂದಿಗೂ ಕರ್ನಾಟಕದ ಕೆರೆಗಳ ಸಂಖ್ಯೆಯನ್ನು ಮೂವತ್ತಾರು ಸಾವಿರಕ್ಕೂ ಮಿಕ್ಕು ಎಂದು ಹೇಳುವುದುಂಟು. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಈ ವ್ಯವಸ್ಥೆಯನ್ನು ಕಂಡು ಬೆರಗಾದ. ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು ಅರವತ್ತರಷ್ಟು ಕೆರೆಗಳ ಹಿಡಿತಕ್ಕೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಒಂದು ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕೆಂದೂ ಆತ ವರದಿ ಮಾಡಿದ. ಅಳೆಯುವ ಉಪಕರಣಗಳ ನಾಡಿನಿಂದ ಬಂದ ಒಬ್ಬ ಎಂಜಿನಿಯರು, ಕಣ್ಣಳತೆಯಲ್ಲಿ ನೀರಿನ ಓಟವನ್ನು ಹಿಡಿದ ಹಳ್ಳಿಗರಿಗೆ ಸಲ್ಲಿಸಿದ ಗೌರವವಿದು.

ನನ್ನ ಬಾಲ್ಯ ಕಳೆದದ್ದು ಇಂಥ ಒಂದು ಕೆರೆಯ ಏರಿಯ ಕೆಳಗೆ. ಪಟ್ಟಣದ ಓದುಗರಿಗೆ ಕೆರೆಯೆಂದರೆ ಗದ್ದೆಗೆ ನೀರು ಬಿಡುವ ಒಂದು ತೊಟ್ಟಿ ಎಂದು ತೋರೀತು. ನಮ್ಮ ಊರಿನಲ್ಲಿ ಅದು ಇಡೀ ಊರಿನ ಉಗ್ರಾಣವಾಗಿತ್ತು. ಅಚ್ಚುಕಟ್ಟಿನ ಭತ್ತ ಅದರ ಮೊದಲ ಫಲವಷ್ಟೆ. ಏರಿಯ ಆಚೆ ಬಾವಿಗಳಲ್ಲಿ ಬೇಸಗೆಯಲ್ಲೂ ನೀರು ಆರದಿರುತ್ತಿದ್ದುದು ಅದರಿಂದ. ದನಕರುಗಳು ಬಂದು ನೀರು ಕುಡಿಯುತ್ತಿದ್ದುದು ಅಲ್ಲಿ, ಅಗಸರ ಬಂಡೆ ಅಲ್ಲಿ, ಕುಂಬಾರರಿಗೆ ಜೇಡಿ ಅಲ್ಲಿ. ಬೇಸಗೆಯಲ್ಲಿ ನೀರು ಇಳಿದು ಅಂಗಳ ಕಾಣಿಸಿಕೊಂಡಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಹೂಳು ತುಂಬಿಕೊಂಡು ಹೋಗಿ ತಮ್ಮ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಅದು ಚೊಕ್ಕಟ, ಹೊಲಕ್ಕೆ ಅದು ಗೊಬ್ಬರ. ಕೊನೆಯ ಮಡುವಿನಲ್ಲಿ ನೀರು ಮೊಣಕಾಲುದ್ದಕ್ಕೆ ಬಂದ ದಿನ ಊರಿಗೆ ಊರೇ ಮೀನಿಗೆ ಇಳಿಯುತ್ತಿತ್ತು. ಜೊಂಡಿನಿಂದ ಚಾಪೆ, ದಡದ ಹುಲ್ಲಿನಿಂದ ಕರುವಿನ ಹೊಟ್ಟೆ, ಏರಿಯ ಬದಿಯ ಗುಂಡುತೋಪಿನಿಂದ ನೆರಳು. ನೀರಿಲ್ಲದ ವರ್ಷವೂ ಕೆರೆ ಕೈಬಿಡುತ್ತಿರಲಿಲ್ಲ. ಬತ್ತಿದ ಅಂಗಳದಲ್ಲಿ ಉಳಿದ ಪಸೆಯಿಂದ ಹುಲ್ಲು ಚಿಗುರುತ್ತಿತ್ತು. ಇವುಗಳಲ್ಲಿ ಯಾವುದಕ್ಕೂ ಅಂಗಡಿಯ ದರವಿರಲಿಲ್ಲ. ಆದರೆ ಪ್ರತಿಯೊಂದಕ್ಕೂ ಹಕ್ಕುದಾರರಿದ್ದರು, ಪ್ರತಿಯೊಂದಕ್ಕೂ ಕಾಲವಿತ್ತು, ಪ್ರತಿಯೊಂದಕ್ಕೂ ಕಟ್ಟಳೆಯಿತ್ತು.

ಈ ಕಟ್ಟಳೆಗಳ ಹಿಂದಿನ ಇತಿಹಾಸ ದೀರ್ಘವಾದುದು. ಶಾಸನಗಳನ್ನು ಓದುವವರಿಗೆ ‘ಬಿತ್ತುವಟ್ಟ’ ಎಂಬ ಶಬ್ದ ಪರಿಚಿತ. ಕೆರೆಯ ರಕ್ಷಣೆಗಾಗಿ, ಅದರ ಕೆಳಗಿನ ಭೂಮಿಯಲ್ಲಿ ಅಥವಾ ಆ ಭೂಮಿಯ ಹುಟ್ಟುವಳಿಯಲ್ಲಿ ತೆಗೆದಿಡುತ್ತಿದ್ದ ಪಾಲಿಗೆ ಈ ಹೆಸರು. ‘ಕಟ್ಟುಕೊಡಗೆ’ ಎಂಬುದು ಕೆರೆ ಕಟ್ಟಿದವನಿಗೆ ಕೊಟ್ಟ ಮಾನ್ಯ. ‘ದಸವಂದ’ವೆಂದರೆ ಕೆರೆ ಕಟ್ಟಿಸಿದವನಿಗೋ ಕೆಟ್ಟುದನ್ನು ಸರಿಪಡಿಸಿದವನಿಗೋ ಸಲ್ಲುತ್ತಿದ್ದ ಹತ್ತರಲ್ಲೊಂದು ಪಾಲು. ಹೂಳು ಹೊರುವ ಬಂಡಿಗೂ, ಬಂಡಿ ಎಳೆಯುವ ಕೋಣಗಳಿಗೂ ದತ್ತಿ ಬಿಟ್ಟ ದಾಖಲೆಗಳಿವೆ. ಇವನ್ನು ಸ್ವಲ್ಪ ನಿಂತು ನೋಡೋಣ. ಕೆರೆಯಿಂದ ಬಂದ ಫಲದ ಒಂದಂಶ ಕೆರೆಗೇ ಹಿಂದಿರುಗಬೇಕೆಂಬುದು ಇಲ್ಲಿನ ತತ್ತ್ವ. ಕಟ್ಟಿದ ದಿನವೇ ಅದರ ಮುಪ್ಪಿನ ಯೋಚನೆಯನ್ನೂ ಮಾಡಿದ್ದರು. ಕೆರೆಗೆ ಹೂಳೇ ಮೃತ್ಯು ಎಂಬುದನ್ನು ಬಲ್ಲವರು ಅದರ ಔಷಧಕ್ಕೆ ಶಾಶ್ವತವಾದ ಏರ್ಪಾಡನ್ನೇ ಮಾಡಿ ಹೋದರು.

ಬೆಲೆಯನ್ನು ಹೇಳುವ ಇನ್ನೊಂದು ಬಗೆಯೂ ಅವರಿಗೆ ತಿಳಿದಿತ್ತು. ಶಾಸನದ ಕೊನೆಯ ಶಾಪಾಶಯವನ್ನು ನಾವು ತರಗತಿಯಲ್ಲಿ ಬೇಗಬೇಗ ಓದಿ ಮುಗಿಸುತ್ತಿದ್ದೆವು. ಈ ಧರ್ಮವನ್ನು ಅಳಿದವನು ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಮಾತು ಎಷ್ಟೋ ಶಾಸನಗಳಲ್ಲಿ ಬರುವುದರಿಂದ ಅದು ಬರಿಯ ರೂಢಿಯ ವಾಕ್ಯವೆಂದು ನಮ್ಮ ಭಾವನೆ. ಈಗ ಹಾಗೆ ಅನ್ನಿಸುವುದಿಲ್ಲ. ಯಾವುದಕ್ಕೆ ಹಣದ ಬೆಲೆಯಿಲ್ಲವೋ ಅದನ್ನು ಕಾಪಾಡಲು, ಹಣ ಕೊಟ್ಟು ತೀರಿಸಲಾಗದ ದಂಡವನ್ನು ಅವರು ವಿಧಿಸಿದ್ದರು. ಹಾಗೆಯೇ ಮನುಷ್ಯ ಬಿಟ್ಟುಹೋಗಬೇಕಾದ ಸಪ್ತಸಂತಾನಗಳಲ್ಲಿ ಮಗ, ಕಾವ್ಯ, ದೇವಾಲಯ, ವನ, ನಿಧಿ, ಅಗ್ರಹಾರಗಳ ಜೊತೆಗೆ ಕೆರೆಯನ್ನೂ ಎಣಿಸಿದರು. ಹೆತ್ತ ಮಗನೂ ಕಟ್ಟಿದ ಕೆರೆಯೂ ಒಂದೇ ಸಾಲಿನಲ್ಲಿ ಕುಳಿತವು. ವಿಜಯನಗರದ ದೇವರಾಯನ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ, ತಾಯಿ ಮಗುವಿಗೆ ಹಾಲೂಡಿಸುವಾಗಲೇ ಮಾಡಬೇಕಾದ ಧರ್ಮಕಾರ್ಯಗಳನ್ನು ಕಿವಿಯಲ್ಲಿ ಹೇಳಿದಳೆಂದಿದೆ. ಆ ಪಟ್ಟಿಯಲ್ಲಿ ಕೆರೆಗೇ ಮೊದಲ ಸ್ಥಾನ.

ಇದೆಲ್ಲ ಬರಿಯ ಭಾವುಕತೆಯೆಂದು ತಿಳಿಯಬಾರದು. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳ ಎಂಬಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯನ್ನು ಕುರಿತದ್ದು. ಸಾವಿರ ಮಂದಿ ಆಳುಗಳು, ನೂರು ಗಾಡಿಗಳು, ಎರಡು ವರ್ಷಗಳ ಕೆಲಸ ಎಂದು ಅದು ಲೆಕ್ಕ ಹೇಳುತ್ತದೆ. ಜೊತೆಗೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಬರಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಧರ್ಮಿಷ್ಠನಾದ ಧನವಂತ ಒಡೆಯ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಕಟ್ಟೆಗೆ ಆನಿಕೆಯಾಗುವ ಬೆಟ್ಟ, ಹತ್ತಿರದಲ್ಲಿ ಕಲ್ಲುಗಣಿ, ಪಳಗಿದ ಕೆಲಸಗಾರರ ತಂಡ ಇವು ಅಂಗಗಳು. ದೋಷಗಳಲ್ಲಿ ಕಟ್ಟೆ ಜಿನುಗುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಸೇರಿವೆ. ನೀರು ಹೆಚ್ಚಾಗಿ ಭೂಮಿ ಕಡಿಮೆಯಾಗುವುದೂ ದೋಷ, ನೀರು ಕಡಿಮೆಯಾಗಿ ಭೂಮಿ ಹೆಚ್ಚಾಗುವುದೂ ದೋಷ. ಈ ಕೊನೆಯ ಮಾತನ್ನು ಆಲಿಸಬೇಕು. ಕೆರೆಯ ಯೋಗ್ಯತೆ ನೀರಿನಲ್ಲಿ ಮಾತ್ರವಿಲ್ಲ. ಅದನ್ನು ನೆಚ್ಚಿದ ನೆಲಕ್ಕೂ ಅದಕ್ಕೂ ಇರುವ ಪ್ರಮಾಣದಲ್ಲಿದೆ. ನೆಲದ ಬಳಕೆ ಬದಲಾದರೆ ಕೆರೆಯ ಬೆಲೆಯೂ ಬದಲಾಗುತ್ತದೆಂಬ ಸತ್ಯವನ್ನು ಆರೂವರೆ ಶತಮಾನಗಳ ಹಿಂದೆಯೇ ಸೂಚಿಸಿದಂತಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಹಿಂದಿನದೆಲ್ಲ ಹೊನ್ನಾಗಿತ್ತೆಂಬ ಭ್ರಮೆ ಹುಟ್ಟೀತು. ಆ ತಪ್ಪನ್ನು ನಮ್ಮ ಜನಪದರು ಮಾಡಲಿಲ್ಲ. ‘ಕೆರೆಗೆ ಹಾರ’ ಎಂಬ ಕಥನಗೀತೆಯನ್ನು ಬಲ್ಲವರಿಗೆ ಇದು ತಿಳಿದ ಸಂಗತಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಯಾಗಿ ಆರಿಸುತ್ತಾರೆ. ಊರಿನ ಹಿತದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆ ಬಂದಾಗ, ಮನೆಯಲ್ಲಿ ಎಲ್ಲರಿಗಿಂತ ಕೆಳಗೆ ನಿಂತವಳ ಕಡೆಗೆ ಕೈ ತಿರುಗಿತು. ಹಾಡು ಕಟ್ಟಿದವರು ಗೌಡನನ್ನು ಹೊಗಳಲಿಲ್ಲ. ಸೊಸೆಯ ಕಣ್ಣೀರನ್ನೂ, ದಂಡಿನಿಂದ ಹಿಂದಿರುಗಿ ಅದೇ ಕೆರೆಗೆ ಹಾರಿದ ಗಂಡ ಮಾದೇವರಾಯನ ದುಃಖವನ್ನೂ ನೆನಪಿನಲ್ಲಿಟ್ಟರು.

ಕತೆಯನ್ನು ಬಿಟ್ಟು ದಾಖಲೆಗೆ ಬಂದರೂ ಇದೇ ನೋಟ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಸೀಮೆಯಲ್ಲಿ ಸಂಚರಿಸಿ ಕಂಡದ್ದನ್ನೆಲ್ಲ ಬರೆದಿಟ್ಟ. ಬೆಂಗಳೂರಿನ ಸುತ್ತ ಕಣದಲ್ಲಿ ರಾಶಿ ಹಂಚುವ ಕ್ರಮವನ್ನು ಆತ ವಿವರವಾಗಿ ಹೇಳುತ್ತಾನೆ. ದೇವರ ಪಾಲು, ಬ್ರಾಹ್ಮಣರ ಪಾಲು, ಜೋಯಿಸನ ಪಾಲು, ನಾಯಿಂದ, ಕುಂಬಾರ, ಕಮ್ಮಾರ, ಅಗಸರ ಪಾಲುಗಳು, ಗೌಡ ಶಾನುಭೋಗರ ಪಾಲುಗಳು ಒಂದೊಂದಾಗಿ ಹೊರಡುತ್ತವೆ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಾಯಿಸುವ ನೀರುಗಂಟಿಯೂ ಪಟ್ಟಿಯಲ್ಲಿದ್ದಾನೆ. ಅವನಿಗೆ ಸಲ್ಲುವುದು ರಾಶಿಯ ತಳದಲ್ಲಿ, ಸಗಣಿಯೊಂದಿಗೆ ಬೆರೆತು ಉಳಿದ ಕಾಳು.

ಈ ಒಂದು ವಿವರ ನನ್ನನ್ನು ಬಹಳ ದಿನ ಕಾಡಿದೆ. ರಾಶಿ ಹುಟ್ಟಿದ್ದು ಆತ ಬಿಟ್ಟ ನೀರಿನಿಂದ. ನಡುರಾತ್ರಿ ಮಳೆ ಹೊಯ್ದರೆ ಏರಿಯ ಮೇಲೆ ಕಂಬಳಿ ಹೊದ್ದು ನಿಂತು ಕೋಡಿ ನೋಡುವವನು ಆತ. ನೀರು ಕಡಿಮೆಯಾದ ವರ್ಷ ಯಾರ ಗದ್ದೆಗೂ ಅನ್ಯಾಯವಾಗದಂತೆ ಹಂಚುವವನೂ ಆತನೇ. ಅನೇಕ ಊರುಗಳಲ್ಲಿ ಈ ಕೆಲಸಕ್ಕೆ ಸ್ವಂತ ಗದ್ದೆಯಿಲ್ಲದವನೇ ಬೇಕೆಂಬ ಭಾವನೆಯಿತ್ತು. ಅವನು ಬಹುಮಟ್ಟಿಗೆ ಊರಾಚೆಯ ಕೇರಿಯವನು. ಅವನಿಗೆ ತಲತಲಾಂತರವಾಗಿ ಬಂದದ್ದು ಕೆಲಸ ಮಾತ್ರ, ಮರ್ಯಾದೆ ಬರಲಿಲ್ಲ. ನೀರನ್ನು ಎಲ್ಲರ ಗದ್ದೆಗೆ ಹಾಯಿಸಿದ ಕೈ, ಕುಡಿಯುವ ನೀರಿನ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ನಮ್ಮ ಹಿರಿಯರು ಕೆರೆಗೆ ಕಟ್ಟಿದ ಬೆಲೆಯನ್ನು ಮೆಚ್ಚುವಾಗ, ಕೆರೆ ಕಾಯ್ದವನಿಗೆ ಕಟ್ಟಿದ ಬೆಲೆಯನ್ನು ಮರೆಯುವುದು ಇತಿಹಾಸಕಾರನಿಗೆ ಸಲ್ಲದು.

ಈ ಹಳೆಯ ಲೆಕ್ಕ ಹಂತಹಂತವಾಗಿ ಮುರಿಯಿತು. ಬ್ರಿಟಿಷರ ಆಡಳಿತ ಬಂದಮೇಲೆ ಕಂದಾಯ ರಾಶಿಯ ಪಾಲಿನ ರೂಪದಿಂದ ನಗದಿಗೆ ತಿರುಗಿತು. ಮರಾಮತ್ತು ಸರ್ಕಾರದ ಇಲಾಖೆಯ ಕೆಲಸವಾಯಿತು. ಕೊಡಗೆ ಮಾನ್ಯಗಳ ವಿಚಾರಣೆ ನಡೆದು, ಕೆರೆಗೆ ಸಲ್ಲಬೇಕಾದ ಅನೇಕ ಭೂಮಿಗಳು ಕಂದಾಯದ ಪುಸ್ತಕದೊಳಕ್ಕೆ ಬಂದವು. ಊರವರು ಹೂಳು ಹೊರುವುದನ್ನು ಕರ್ತವ್ಯವೆಂದು ತಿಳಿಯಬೇಕೆಂದು ಸರ್ಕಾರವೂ, ಕಂದಾಯ ತೆಗೆದುಕೊಂಡವರು ಕೆರೆಯನ್ನು ನೋಡಿಕೊಳ್ಳಬೇಕೆಂದು ಊರವರೂ ವಾದಿಸತೊಡಗಿದರು. ಇಬ್ಬರ ವಾದದ ನಡುವೆ ಹೂಳು ತನ್ನ ಪಾಡಿಗೆ ತುಂಬುತ್ತ ಹೋಯಿತು. ಸ್ವಾತಂತ್ರ್ಯಾನಂತರ, 1961ರ ಕಾನೂನು ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳನ್ನು ರದ್ದುಮಾಡಿತು. ಅದು ನ್ಯಾಯವಾದ ಕಾನೂನು. ಹುಟ್ಟಿನ ಕಾರಣಕ್ಕೆ ಚಾಕರಿಯ ನೊಗ ಹೊತ್ತ ಎಷ್ಟೋ ಮನೆತನಗಳಿಗೆ ಅದರಿಂದ ಬಿಡುಗಡೆ ಸಿಕ್ಕಿತು. ಆದರೆ ನೀರುಗಂಟಿಯ ನೊಗವನ್ನು ಇಳಿಸಿದವರು, ಆತ ಮಾಡುತ್ತಿದ್ದ ಕೆಲಸವನ್ನು ಗೌರವದ ಸಂಬಳದ ಕೆಲಸವನ್ನಾಗಿ ಮಾಡಲು ಹೆಚ್ಚಿನ ಕಡೆಗಳಲ್ಲಿ ಮರೆತರು. ತೂಬಿಗೆ ಯಜಮಾನರಿಲ್ಲವಾಯಿತು. ಮುಂದಿನ ಎರಡು ದಶಕಗಳಲ್ಲಿ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲೇ ನೀರು ಚಿಮ್ಮುವಾಗ ಊರಿನ ಏರಿಯ ಮೇಲೆ ಮಣ್ಣು ಹಾಕುವವರಾರು? ಕೊಳವೆಯ ಕೆಳಗಿನ ನೀರೂ ಮೇಲಿನ ಕೆರೆಯದೇ ಕೊಡುಗೆಯೆಂಬುದು ಕೋಲಾರದ ರೈತನಿಗೆ ಅರಿವಾಗುವಷ್ಟರಲ್ಲಿ ಕೊಳವೆ ಸಾವಿರ ಅಡಿ ದಾಟಿತ್ತು.

ಪಟ್ಟಣದ ಕತೆ ಇನ್ನೂ ಸ್ಪಷ್ಟ. ಬೆಂಗಳೂರು ಹೊಳೆಯ ದಂಡೆಯ ಮೇಲೆ ಹುಟ್ಟಿದ ಊರಲ್ಲ. ದಿಣ್ಣೆಯ ಮೇಲಿನ ಊರು. ಕೆಂಪೇಗೌಡರ ಕಾಲದಿಂದಲೂ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮುಂತಾದ ಕೆರೆಗಳೇ ಅದಕ್ಕೆ ಪ್ರಾಣ. ಕೆರೆಗಳ ಕೆಳಗೆ ತೋಟಗಳು, ತೋಟಗಳಲ್ಲಿ ಹೂವು ತರಕಾರಿಗಳು, ಅವುಗಳನ್ನು ಬೆಳೆಯುವ ತಿಗಳ ಸಮುದಾಯದ ಕುಶಲಿಗಳು. 1875ರಿಂದ 1877ರವರೆಗಿನ ಭೀಕರ ಕ್ಷಾಮವನ್ನು ಕಂಡ ಪಟ್ಟಣ ದೂರದ ನೀರನ್ನು ಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. 1882ರಲ್ಲಿ ಸ್ಯಾಂಕಿ ಕೆರೆ ಆಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯದು ಬಂತು. 1974ರಲ್ಲಿ ಕಾವೇರಿಯೇ ಬಂದಳು. ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಪಂಪುಗಳು ಎತ್ತಿ ತಂದ ನೀರು. ಪ್ರತಿಯೊಂದು ಹೊಸ ನೀರೂ ವರವೇ ಸರಿ. ಆದರೆ ಪ್ರತಿಯೊಂದು ಹೊಸ ನೀರು ಬಂದಾಗಲೂ ಪಟ್ಟಣಕ್ಕೂ ಅದರ ಕೆರೆಗಳಿಗೂ ನಡುವಿನ ಋಣದ ಒಂದೊಂದು ಎಳೆ ಕಡಿಯಿತು. ಕುಡಿಯುವ ನೀರಿಗೆ ಕೆರೆ ಬೇಡವಾಯಿತು. ತೋಟಗಳು ಬಡಾವಣೆಗಳಾದಾಗ ಬೆಳೆಗೂ ಬೇಡವಾಯಿತು. ಉಳಿದದ್ದು ಸೊಳ್ಳೆಯ ಭಯ, ಮಲೇರಿಯದ ಭಯ, ಕೊಳಚೆಯ ವಾಸನೆ. ಆಗ ಕೆರೆ ಜನರ ಕಣ್ಣಿಗೆ ನೀರಾಗಿ ಕಾಣಲಿಲ್ಲ. ನಡುಪೇಟೆಯಲ್ಲಿ ಬಿದ್ದ ಅಗಲವಾದ ಬಯಲಾಗಿ ಕಂಡಿತು.

ಸಂಪಂಗಿ ಕೆರೆಯ ಚರಿತ್ರೆಯನ್ನು ಈಚೆಗೆ ಸಂಶೋಧಕರು ಹಳೆಯ ನಕಾಶೆ ಕಡತಗಳಿಂದ ಹೊರತೆಗೆದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದರ ನೀರನ್ನು ಕುರಿತು ವ್ಯಾಜ್ಯಗಳೆದ್ದವು. ನೀರು ನಿಲ್ಲಬೇಕೆಂದವರು ತೋಟಗಾರರು. ನೀರು ತಗ್ಗಬೇಕೆಂದವರು ಅದರ ಅಂಚಿಗೆ ಮನೆ ಮಾಡಿಕೊಂಡವರು. ಒಂದೇ ಕೆರೆ, ಒಂದೇ ನೀರು. ಒಬ್ಬರಿಗೆ ಅನ್ನ, ಇನ್ನೊಬ್ಬರಿಗೆ ಉಪದ್ರವ. ಕಾಲ ಯಾರ ಪಕ್ಷಕ್ಕೆ ತೀರ್ಪು ಕೊಟ್ಟಿತೆಂಬುದನ್ನು ಹೇಳಬೇಕಾಗಿಲ್ಲ. ಆ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೆರೆ ಕಟ್ಟಿದವನ ಹೆಸರನ್ನೇ ಕೆರೆ ಮುಚ್ಚಿದ ಜಾಗಕ್ಕೆ ಇಟ್ಟೆವು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ. ಕೋರಮಂಗಲದ ಒಂದು ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿಗಳೆದ್ದವು.

ಆದರೂ ಸಂಪಂಗಿ ಪೂರ್ತಿ ಅಳಿಯಲಿಲ್ಲ. ಕ್ರೀಡಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಚೈತ್ರಮಾಸದ ಬೆಂಗಳೂರು ಕರಗದ ವಿಧಿಗಳಿಗೆ ಆ ನೀರು ಬೇಕು. ಧರ್ಮರಾಯನ ಗುಡಿಯ ಜನ ತಮ್ಮ ದೇವತೆಯನ್ನು ಬರಮಾಡಿಕೊಳ್ಳುವ ನೀರು ಅದೆಂದು ಹಿಡಿದು ನಿಂತುದರಿಂದ ಅಷ್ಟಾದರೂ ಉಳಿಯಿತು. ಕೆರೆಯ ಎಲ್ಲ ಬೆಲೆಗಳೂ, ಅಂದರೆ ಬೆಳೆಯ ಬೆಲೆ, ಮೀನಿನ ಬೆಲೆ, ಕುಡಿಯುವ ನೀರಿನ ಬೆಲೆ ಸೋತುಹೋದ ಮೇಲೆ, ರೂಪಾಯಿಗೆ ನಿಲುಕದ ಒಂದು ಬೆಲೆ ಮಾತ್ರ ಒಂದು ಹಿಡಿ ನೀರನ್ನು ಕಾಪಾಡಿತು. ಪರಿಸರದ ಲೆಕ್ಕ ಹಾಕುವವರು ಇದನ್ನು ಮನಸ್ಸಿನಲ್ಲಿಡಬೇಕು.

ಇಲ್ಲಿ ನನ್ನ ಒಂದು ಮಾತನ್ನೂ ಹೇಳದಿದ್ದರೆ ಈ ಭಾಷಣ ಪರರ ತಪ್ಪಿನ ಪಟ್ಟಿಯಾದೀತು. ನಾನು ಅಧ್ಯಾಪಕನಾಗಿ ಸೇರಿದ ಹೊಸತರಲ್ಲಿ, ಒಂದು ಗೃಹನಿರ್ಮಾಣ ಸಂಘದಲ್ಲಿ ಕಂತು ಕಟ್ಟಿ ಒಂದು ನಿವೇಶನ ಪಡೆದೆ. ಅದು ಹಳೆಯ ಕೆರೆಯೊಂದರ ಏರಿಯ ಕೆಳಗಿನ ಗದ್ದೆಯಾಗಿದ್ದ ನೆಲ. ಪಾಯ ತೋಡುವಾಗ ಕಪ್ಪು ಮಣ್ಣು ಬಂತು. ಮೇಸ್ತ್ರಿ ಮಣ್ಣನ್ನು ಕೈಯಲ್ಲಿ ಹಿಡಿದು, “ಭತ್ತದ ಭೂಮಿ ಸ್ವಾಮಿ, ಪಾಯ ಆಳ ಬೇಕು” ಎಂದ. ಆಳವಾಗಿಯೇ ಹಾಕಿಸಿದೆ. ಅದೇ ವರ್ಷ ತರಗತಿಯಲ್ಲಿ ಬಿತ್ತುವಟ್ಟದ ಅರ್ಥವನ್ನು ಪಾಠ ಮಾಡಿದ್ದೆ. ಪಾಠಕ್ಕೂ ಪಾಯಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ. ಹಲವು ವರ್ಷಗಳ ಮೇಲೆ ಒಂದು ರಾತ್ರಿ ಸುರಿದ ಮಳೆಯಲ್ಲಿ ನಡುಮನೆಗೆ ನೀರು ನುಗ್ಗಿತು. ಕೆಳಗಿನ ಸಾಲಿನ ಪುಸ್ತಕಗಳು, ಅದರಲ್ಲಿ ನನ್ನ ಶಾಸನಸಂಪುಟಗಳೂ, ನೆನೆದು ಉಬ್ಬಿದವು. ಮನೆಯಾಕೆ ಅವನ್ನು ಬಿಸಿಲಿಗೆ ಹರಡುತ್ತ, “ಅದರ ಜಾಗಕ್ಕೆ ಅದು ಬಂದಿದೆ, ಬೈಯುವುದು ಯಾರನ್ನು?” ಎಂದಳು. ಇಷ್ಟು ಚೊಕ್ಕವಾದ ವ್ಯಾಖ್ಯಾನವನ್ನು ನಾನು ತರಗತಿಯಲ್ಲಿ ಎಂದೂ ಮಾಡಿರಲಿಲ್ಲ.

ನೀರು ತನ್ನ ಲೆಕ್ಕವನ್ನು ಮರೆಯುವುದಿಲ್ಲವೆಂಬುದನ್ನು ಈಚಿನ ವರ್ಷಗಳು ತೋರಿಸಿವೆ. 1985ರಲ್ಲಿ ನೇಮಕವಾದ ಲಕ್ಷ್ಮಣರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಹೇಳಿತ್ತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡ ಸುದ್ದಿಯನ್ನು ಲೋಕವೆಲ್ಲ ಓದಿತು. ನೀರು ಉರಿಯುವುದನ್ನು ನಮ್ಮ ಪುರಾಣಗಳಲ್ಲಿ ಓದಿದ್ದೆವು, ಕಣ್ಣಾರೆ ಕಂಡೆವು. 2022ರ ಸೆಪ್ಟೆಂಬರಿನಲ್ಲಿ ಪಟ್ಟಣದ ಪೂರ್ವದ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದವು. ಎರಡೇ ವರ್ಷಗಳಲ್ಲಿ, 2024ರ ಬೇಸಗೆಯಲ್ಲಿ, ಅದೇ ಪಟ್ಟಣ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಸಾಲು ನಿಂತಿತು. ನೆರೆಯನ್ನು ಹಿಡಿದಿಟ್ಟು ಬರಕ್ಕೆ ಕೊಡುತ್ತಿದ್ದ ಮಧ್ಯಸ್ಥ ಇಲ್ಲವಾದಾಗ ಎರಡೂ ನೇರವಾಗಿ ಮನೆಬಾಗಿಲಿಗೆ ಬಂದವು. ಇನ್ನೊಂದು ವಿಪರ್ಯಾಸ: 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ತನ್ನ ಕೆರೆಗಳನ್ನು ಮುಚ್ಚಿಕೊಂಡ ಪಟ್ಟಣ ತಾನು ಬಳಸಿ ಬಿಟ್ಟ ನೀರಿನಿಂದ ನೆರೆಯ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತ ಸಂತೋಷಪಟ್ಟ. ಆ ನೀರಿನ ಶುದ್ಧಿಯನ್ನು ಕುರಿತು ಅನುಮಾನಪಟ್ಟವರೂ ಇದ್ದಾರೆ. ಎರಡೂ ಸಹಜವೇ.

ಹಾಗಾದರೆ ಕೆರೆಗೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಸರಿಯೇ? ಸರ್ಕಾರಿ ಕಡತದಲ್ಲಿ ಬೆಲೆಯಿಲ್ಲದ್ದು ಸೊನ್ನೆಯೆಂದೇ ಬರೆಯಲ್ಪಡುವುದರಿಂದ, ಸೊನ್ನೆಗಿಂತ ಒಂದು ಅಂಕಿ ಮೇಲೆಂಬುದನ್ನು ಒಪ್ಪುತ್ತೇನೆ. ಕೆರೆಯನ್ನು ಮುಚ್ಚುವವನು ಲಾಭದ ಲೆಕ್ಕ ತರುವಾಗ, ಉಳಿಸಬೇಕೆನ್ನುವವನ ಕೈಯಲ್ಲಿಯೂ ಒಂದು ಲೆಕ್ಕವಿರಬೇಕು. ಆದರೆ ಬೆಲೆ ಕಟ್ಟಿದ್ದನ್ನು ಮಾರಲೂಬಹುದೆಂಬ ಅಪಾಯ ಬೆನ್ನಿಗೇ ಇದೆ. ಹೆಚ್ಚಿನ ಬೆಲೆ ಕೊಡುವವನು ಬಂದ ದಿನ ಅಂಕಿ ಸೋಲುತ್ತದೆ. ಶಾಪ ಮಾತ್ರ ಸೋಲುತ್ತಿರಲಿಲ್ಲ. ನಾವು ಶಾಪವನ್ನು ನಂಬದ ಕಾಲದವರು. ಅದರ ಜಾಗದಲ್ಲಿ ಕಾನೂನನ್ನೂ, ಕಾನೂನಿನ ಹಿಂದೆ ನೆರೆಹೊರೆಯ ಕಾವಲನ್ನೂ ನಿಲ್ಲಿಸಬೇಕು. ಬೆಂಗಳೂರಿನಲ್ಲಿ ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿಗಳಂಥ ಕೆಲವು ಕೆರೆಗಳನ್ನು ಸುತ್ತಲಿನ ನಿವಾಸಿಗಳೇ ಮುಂದೆ ಬಂದು ಉಳಿಸಿಕೊಂಡಿರುವುದು ನೆಮ್ಮದಿಯ ಸಂಗತಿ. ಬಿತ್ತುವಟ್ಟದ ತತ್ತ್ವ ಹೊಸ ರೂಪದಲ್ಲಿ ಚಿಗುರಿದೆಯೆಂದೇ ನಾನು ತಿಳಿಯುತ್ತೇನೆ.

ಒಂದು ಎಚ್ಚರ ಮಾತ್ರ ಬೇಕು. ಸಂಜೆಯ ತಿರುಗಾಟಕ್ಕೆ ಬರುವವರಿಗೆ ಕೆರೆಯೆಂದರೆ ಹಕ್ಕಿ, ತಂಗಾಳಿ, ಸೂರ್ಯಾಸ್ತ. ಹುಲ್ಲು ಕೊಯ್ಯಲು ಬರುವ ಮುದುಕಿಗೆ, ಬಲೆ ಬೀಸುವವನಿಗೆ, ಎಮ್ಮೆ ಮೈ ತೊಳೆಯುವ ಹುಡುಗನಿಗೆ ಅದು ಹೊಟ್ಟೆಯ ದಾರಿ. ಸುತ್ತ ಬೇಲಿ ಹಾಕಿ, ಬಾಗಿಲಿಗೆ ಹೊತ್ತು ಗೊತ್ತುಮಾಡಿ, ಹೊಟ್ಟೆಯ ದಾರಿಯನ್ನು ಮುಚ್ಚಿ ಸೂರ್ಯಾಸ್ತವನ್ನು ಮಾತ್ರ ಉಳಿಸಿಕೊಂಡರೆ ನಾವು ಹಳೆಯ ಅನ್ಯಾಯಕ್ಕೆ ಹೊಸ ಬಣ್ಣ ಹಚ್ಚಿದಂತೆ. ಸಮುದಾಯ ಕೆರೆಗೆ ಬೆಲೆ ಕಟ್ಟುತ್ತದೆ ಎನ್ನುವಾಗ, ಆ ಸಮುದಾಯದಲ್ಲಿ ಯಾರುಯಾರು ಸೇರಿದ್ದಾರೆಂದು ಒಮ್ಮೆ ಎಣಿಸಿ ನೋಡಬೇಕು.

ಕಳೆದ ವರ್ಷ ನಮ್ಮ ಊರಿಗೆ ಹೋಗಿದ್ದೆ. ಎಷ್ಟೋ ವರ್ಷಗಳ ಮೇಲೆ ಕೆರೆಯಲ್ಲಿ ಅರೆಪಾಲು ನೀರಿತ್ತು. ನನ್ನ ಬಾಲ್ಯದಲ್ಲಿ ತೂಬು ಎತ್ತುತ್ತಿದ್ದವನ ಮೊಮ್ಮಗ ಏರಿಯ ಮೇಲೆ ಸಿಕ್ಕಿದ. ಪಟ್ಟಣದಲ್ಲಿ ಕೆಲಸಕ್ಕಿದ್ದಾನೆ, ಹಬ್ಬಕ್ಕೆ ಬಂದಿದ್ದ. “ತಾತ ಹೇಳುತ್ತಿದ್ದರು ಮೇಷ್ಟ್ರೇ, ಕೋಡಿ ಬಿದ್ದ ಸದ್ದಿನಲ್ಲೇ ನೀರು ಎಷ್ಟಿದೆಯೆಂದು ಗೊತ್ತಾಗುತ್ತಿತ್ತಂತೆ” ಎಂದ. “ನಿನಗೆ ಗೊತ್ತಾಗುತ್ತದೆಯೇನಪ್ಪ?” ಎಂದು ಕೇಳಿದೆ. “ನನಗೆ ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಆ ಕೆಲಸ ನಮಗೆ ಬೇಡವೇ ಬೇಡ ಅಂತ ಅಪ್ಪ ಹೇಳಿದ್ದರು” ಎಂದ. ಅವನ ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ರಾಶಿಯ ತಳದ ಕಾಳಿಗಾಗಿ ಯಾವ ಮಗನೂ ಆ ವಿದ್ಯೆಯನ್ನು ಕಲಿಯಬೇಕಾಗಿಲ್ಲ. ಆದರೆ ಆ ವಿದ್ಯೆಗೆ ರಾಶಿಯ ಮೇಲುಭಾಗದ ಕಾಳನ್ನು ಕೊಟ್ಟು ಉಳಿಸಿಕೊಳ್ಳಬಹುದಾಗಿತ್ತೆಂಬ ಯೋಚನೆ ನಮಗೆ, ಓದಿದವರಿಗೆ, ಬರಲಿಲ್ಲವಲ್ಲ ಎಂದುಕೊಳ್ಳುತ್ತ ಏರಿ ಇಳಿದು ಬಂದೆ.